ಬಸ್ ಹತ್ತದ ಎರಡು ಚುಕ್ಕೆಗಳು

ಬೊಳ್ಳೊಟ್ಟು,
೨೨ ನವೆಂಬರ್ ೨೦೨೫, ಶನಿವಾರ

ಪ್ರೀತಿಯ ಗ್ರೀಷ್ಮಾ,

ನಿನಗೆ ಅಮ್ಮನ ಆಶೀರ್ವಾದ. ಇಲ್ಲಿ ನಾವಿಬ್ಬರೂ ಸೌಖ್ಯ. ನಿನ್ನ ಅಪ್ಪನ ಮಂಡಿನೋವು ಹೆಚ್ಚೂ ಆಗಿಲ್ಲ, ಕಡಿಮೆಯೂ ಆಗಿಲ್ಲ. ಕ್ಷೇಮ ಸಮಾಚಾರವನ್ನು ಇಷ್ಟಕ್ಕೇ ಮುಗಿಸುತ್ತೇನೆ, ಯಾಕೆಂದರೆ ಇದು ಅರ್ಧ ಜಗಳದ ಪತ್ರ.

ನೀನು ಮೈಸೂರಿಗೆ ಹೊರಡುವಾಗ ನನ್ನ ಸೀರೆಯ ಕಪಾಟಿನಲ್ಲಿ ಇಟ್ಟು ಹೋದ ಆ ಮೆಮೊರಿ ಕಾರ್ಡು, ಹೆಬ್ಬೆರಳ ಉಗುರಿನಷ್ಟು ಇದ್ದದ್ದು, ಈಗ ಇಲ್ಲ. ಕಳೆದುಹೋದದ್ದಲ್ಲ, ಇಲಿ ಕೊಂಡುಹೋದದ್ದೂ ಅಲ್ಲ. ನಾನೇ ಬಚ್ಚಲಿನ ಒಲೆಗೆ ಹಾಕಿದೆ. ಅದರಲ್ಲಿ ಜೀವವಿರಲಿಲ್ಲ, ಆದ್ದರಿಂದ ಹಿಂಸೆಯ ದೋಷ ನನಗೆ ತಟ್ಟಲಾರದು. ನಿನಗೆ ಸಿಟ್ಟು ಬರುತ್ತದೆಂದು ಗೊತ್ತು. ಬರಲಿ. ಪತ್ರ ಪೂರ್ತಿ ಓದಿದ ಮೇಲೂ ಉಳಿದರೆ ಆಮೇಲೆ ಬೈದುಕೋ.

ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀ. ನಿನ್ನ ಫೋನು ಬಂದ ಕೂಡಲೇ ನಿನ್ನ ಅಪ್ಪ "ಸ್ಪೀಕರ್ ಹಾಕು" ಎನ್ನುತ್ತಾರೆ. ವಾಟ್ಸಾಪಿನಲ್ಲಿ ಬರೆದರೆ ಕನ್ನಡಕ ಹುಡುಕಿ ಹಾಕಿಕೊಂಡು ಅವರೇ ಮೊದಲು ಓದುತ್ತಾರೆ. ಒಳ್ಳೆಯವರೇ, ಆದರೆ ಈ ಮನೆಯಲ್ಲಿ ಅಂಟಿಸಿದರೆ ಅಂಟಿಕೊಂಡೇ ಇರುವುದು ಅಂಚೆ ಲಕೋಟೆ ಒಂದೇ.

ನಿನಗೆ ಗೊತ್ತಿರುವ ಕಥೆಯನ್ನೇ ಮೊದಲಿನಿಂದ ಹೇಳುತ್ತೇನೆ. ನೀನು ಅದನ್ನು ಕಂಡದ್ದು ಕಂಪ್ಯೂಟರಿನಲ್ಲಿ, ನಾನು ಕಂಡದ್ದು ನನ್ನ ಜೆರಾಕ್ಸ್ ಅಂಗಡಿಯ ಬಾಗಿಲಿನಿಂದ. ಎರಡೂ ಒಂದೇ ಅಲ್ಲ.

ನಮ್ಮ ಪಂಚಾಯತಿಗೆ ಆ ಹಳೆಯ ಬಸ್ ತಂಗುದಾಣವನ್ನು ಕೆಡವಬೇಕು. ಮೂಡುಬಿದಿರೆಯಿಂದ ಬೆಳ್ತಂಗಡಿಗೆ ಹೋಗುವ ರಸ್ತೆಗೆ ತಾಗಿದ ಜಾಗ, ಅಂಗಡಿ ಕೋಣೆ ಕಟ್ಟಿಸಿದರೆ ಬಾಡಿಗೆ ಬರುತ್ತದೆ. ಆ ಕೋಣೆಗಳ ಎದುರಿಗೆ ಒಂದು ತಗಡಿನ ಮಾಡು, ಮಾಡಿನ ಕೆಳಗೆ ಒಂದು ಕಬ್ಬಿಣದ ಪೈಪು ಹಾಕಿಸುತ್ತಾರಂತೆ. ಬಸ್ಸಿಗೆ ಬಂದವರು ಅದಕ್ಕೆ ಅರ್ಧ ಒರಗಿ ಅರ್ಧ ನಿಂತು ಕಾಯಬೇಕು. ಕೆಂಪು ಕಲ್ಲಿನ ಗೋಡೆಯ ಮೂರು ಬದಿಗೂ ಇರುವ ಆ ಉದ್ದದ ಕಟ್ಟೆ ಹೋಗುತ್ತದೆ. ಗಂಡಸರಿಗಾದರೆ ಹೋಟೆಲು ಉಂಟು, ಕ್ಷೌರದ ಅಂಗಡಿ ಉಂಟು, ಸೊಸೈಟಿಯ ಜಗಲಿ ಉಂಟು. ಹೆಂಗಸರಿಗೆ ಈ ಪೇಟೆಯಲ್ಲಿ ಬೆನ್ನು ಒರಗಿಸಲು ಇರುವುದು ಆ ಕಟ್ಟೆ ಒಂದೇ. ಸದಸ್ಯೆಯಾಗಿ ನಾನು ಬೇಡವೆಂದೆ. ಅಧ್ಯಕ್ಷ ಧರ್ಣಪ್ಪ "ಅಲ್ಲಿ ಯಾರು ಕೂರ್ತಾರೆ ಅನಂತಕ್ಕ, ನೀವು ಹೇಳಿದ್ರೆ ಆಯ್ತಾ? ಲೆಕ್ಕ ಕೊಡಿ" ಎಂದರು. ಹಾಗೆ ನಾನು ನಿನ್ನನ್ನು ಕರೆದದ್ದು, ನೀನು ನಿನ್ನ ಸಂಸ್ಥೆಯ ಜನ ಎಣಿಸುವ ಕ್ಯಾಮೆರಾ ಪೆಟ್ಟಿಗೆ ಹಿಡಿದುಕೊಂಡು ಬಂದದ್ದು.

ಆ ಪೆಟ್ಟಿಗೆಯನ್ನು ತಂಗುದಾಣದ ಎದುರಿಗಿರುವ ನನ್ನ ಅಂಗಡಿಯ ಮಾಡಿಗೇ ನೀನು ಬಿಗಿದೆ. ಮರುದಿನ ಕಟ್ಟೆಯಲ್ಲಿ ಹೆಂಗಸರೇ ಇಲ್ಲ! ಎಲ್ಲರೂ ಪೆಟ್ಟಿಗೆಯ ಕಣ್ಣು ತಪ್ಪಿಸಿ ಹಿಂದಿನ ಹಲಸಿನ ಮರದ ಬುಡದಲ್ಲಿ ಕೊಡೆ ಹಿಡಿದು ನಿಂತಿದ್ದರು. ಹೂ ಮಾರುವ ನೀಲಾವತಿ ನನ್ನ ಅಂಗಡಿಗೇ ಬಂದು ಜಗಳ ತೆಗೆದಳು. "ನಾವು ಕೂರುವುದನ್ನು ತೆಗೆದು ಮೊಬೈಲಿಗೆ ಹಾಕ್ತೀರಾ? ನಾಳೆ ನಮ್ಮ ಗಂಡಂದಿರು ನೋಡುವುದಿಲ್ವಾ?" ನೀನು ಬೆದರಲಿಲ್ಲ, ಅದು ನನಗೆ ಹಿಡಿಸಿತು. ಅಂಗಡಿಯ ಕಂಪ್ಯೂಟರಿನ ಪರದೆಯನ್ನು ಜಗಲಿಗೆ ತಿರುಗಿಸಿ, ಪೆಟ್ಟಿಗೆ ಏನನ್ನು ಕಾಣುತ್ತದೋ ಅದನ್ನೇ ಎಲ್ಲರಿಗೂ ತೋರಿಸಿದೆ. ಬೂದು ಬಣ್ಣದ ನೆಲ, ಅದರ ಮೇಲೆ ಓಡಾಡುವ ಚುಕ್ಕೆಗಳು. ಮುಖವಿಲ್ಲ, ಸೀರೆಯಿಲ್ಲ, ಬುರ್ಖಾ ಇಲ್ಲ, ಗಂಡೋ ಹೆಣ್ಣೋ ಎಂಬುದೂ ಇಲ್ಲ. ಚಿತ್ರವನ್ನು ಪೆಟ್ಟಿಗೆ ಒಳಗೇ ನೋಡಿ ಒಳಗೇ ಅಳಿಸಿ, ಎಲ್ಲಿ ಎಷ್ಟು ಜನ, ಎಷ್ಟು ಹೊತ್ತು ಎಂಬುದನ್ನು ಮಾತ್ರ ಹೊರಗೆ ಬಿಡುತ್ತದೆ ಎಂದು ಹೇಳಿದೆ. ನೀಲಾವತಿ ರಸ್ತೆಗೆ ಇಳಿದು ಕೊಡೆ ಎತ್ತಿ ಕುಣಿದದ್ದು ನೆನಪುಂಟಾ? "ಇದಾ ನಾನು? ಇಷ್ಟೇಯಾ?" ಎಂದು ಅವಳಿಗೆ ಬೇಸರವೇ ಆಯಿತು.

ಆ ದಿನ ಜೈನಬಮ್ಮನೂ ಬಂದಿದ್ದರು. ನೀನು ಓಡಿಹೋಗಿ ಅವರ ಕೈ ಹಿಡಿದುಕೊಂಡೆ, ಅವರ ಮಗಳು ರಶೀನಾಳಿಗೆ ಫರಂಗಿಪೇಟೆಯಲ್ಲಿ ಹೆರಿಗೆಯಾದದ್ದನ್ನು ಕೇಳಿದೆ. ನಾನು ಆ ಕಡೆ ತಿರುಗಲಿಲ್ಲ. ನಿನ್ನ ಅಪ್ಪನೂ ಅವರ ಯಜಮಾನರು ಇಬ್ರಾಹಿಂ ಬ್ಯಾರಿಗಳೂ ವಿಟ್ಲದಲ್ಲಿ ಜೊತೆಯಾಗಿ ನಡೆಸುತ್ತಿದ್ದ ಅಡಿಕೆ ವ್ಯಾಪಾರ ಮುರಿದು, ಬಂಟ್ವಾಳದ ಕೋರ್ಟು ಹತ್ತಿದ ಮೇಲೆ ಆ ಮನೆಯ ಹೆಸರನ್ನು ನಮ್ಮ ಮನೆಯಲ್ಲಿ ಎತ್ತುವಂತಿಲ್ಲ. ಅದು ನಿನಗೂ ಗೊತ್ತು. ಜೈನಬಮ್ಮ ಪರದೆಯನ್ನು ತುಂಬ ಹೊತ್ತು ನೋಡಿದರು. ಆಮೇಲೆ ನಿನ್ನನ್ನೇ ಕೇಳಿದರು, "ಮೋಳೆ, ನನ್ನ ಮಗಳೇ, ಮುಖ ಎಲ್ಲಿಯೂ ಇರುವುದಿಲ್ಲ ಅಲ್ವಾ? ಸತ್ಯ ಹೇಳು." ನೀನು "ಎಲ್ಲಿಯೂ ಇಲ್ಲ" ಎಂದೆ.

ಎಲ್ಲಿಯೂ ಇಲ್ಲ ಎಂದೆ, ಗ್ರೀಷ್ಮಾ. ನನ್ನ ಅಂಗಡಿಯ ಜಗಲಿಯಲ್ಲಿ ನಿಂತು, ನಿನ್ನನ್ನು ಮಗುವಾಗಿದ್ದಾಗ ಎತ್ತಿ ಆಡಿಸಿದ ಹೆಂಗಸಿಗೆ ಹೇಳಿದೆ. ಅಷ್ಟು ಹೇಳಿ, ಪೆಟ್ಟಿಗೆ ಸರಿಯಾಗಿ ಎಣಿಸುತ್ತದೋ ಎಂದು ಆಮೇಲೆ ತಾಳೆ ನೋಡುವುದಕ್ಕೆ ಒಂದು ದಿನದ ಚಿತ್ರವನ್ನು ಮುಖಸಮೇತ ಆ ಕಾರ್ಡಿನಲ್ಲಿ ಇಟ್ಟುಕೊಂಡೆ. ನಿಮ್ಮ ಸಂಸ್ಥೆಯ ಪದ್ಧತಿ ಇರಬಹುದು, ನಿನ್ನ ಮೇಲಿನವರು ಕೇಳಿರಬಹುದು. ನನಗೆ ಅದೆಲ್ಲ ಬೇಡ. ಕೊಟ್ಟ ಮಾತಿಗೆ ಅಷ್ಟು ಸಣ್ಣ ತೂತು ಇದ್ದರೂ ಮಾತು ಸೋರಿಹೋಗುತ್ತದೆ. ನನ್ನ ಜಗಳ ಇಷ್ಟೆ, ಇದನ್ನು ಮತ್ತೆ ಎತ್ತುವುದಿಲ್ಲ.

ನಿನ್ನ ಮಾತು ನಂಬಿ ಹೆಂಗಸರು ಮರಳಿ ಕಟ್ಟೆಗೆ ಬಂದರು, ನೀನು ಎರಡು ವಾರ ಎಣಿಸಿದೆ, ವರದಿ ಬಂತು. ಒಳ್ಳೆಯ ಕನ್ನಡದಲ್ಲಿ ಬರೆದಿದ್ದೀ, ನಿನ್ನ ಶಾಲೆಯ ಟೀಚರಮ್ಮನ ಕೈಯಲ್ಲಿ ಕಲಿತದ್ದು ವ್ಯರ್ಥವಾಗಿಲ್ಲ. ಕಟ್ಟೆ ಹಗಲಿಡೀ ತುಂಬಿರುತ್ತದೆ ಎಂದು ಬರೆದದ್ದು ನಮಗೆ ಅನುಕೂಲ. ಆದರೆ ಕೂರುವವರಲ್ಲಿ ಬಹಳಷ್ಟು ಮಂದಿ ಯಾವ ಬಸ್ಸನ್ನೂ ಹತ್ತುವುದಿಲ್ಲ ಎಂದೂ ಬರೆದೆ. ಅದನ್ನೇ ಧರ್ಣಪ್ಪ ಹಿಡಿದುಕೊಂಡರು. ಬಸ್ ಹತ್ತದವರಿಗೆ ಬಸ್ ತಂಗುದಾಣ ಯಾಕೆ ಎಂಬುದು ಅವರ ಪ್ರಶ್ನೆ. ಇನ್ನೂ ಒಂದು ಕಡೆ, ಪಡು ಬದಿಯ ಮೂಲೆಯಲ್ಲಿ ಎರಡು ಚುಕ್ಕೆಗಳು ಮಧ್ಯಾಹ್ನದ ಮೇಲೆ ಬೇರೆ ಬೇರೆ ದಿಕ್ಕಿನಿಂದ ಬಂದು, ಒತ್ತಿನಲ್ಲಿ ಕುಳಿತು, ಬಂದ ಬಸ್ಸುಗಳನ್ನೆಲ್ಲ ಹೋಗಲು ಬಿಟ್ಟು, ಬೇರೆ ಬೇರೆ ದಿಕ್ಕಿಗೆ ಹೋಗುತ್ತವೆ ಎಂದು ಬರೆದಿದ್ದೀ. ಆ ಜೋಡಿ ನಿನಗೆ ತುಂಬ ಇಷ್ಟವೆಂದು ಫೋನಿನಲ್ಲೂ ಹೇಳಿದ್ದೆ. ನಾನು ಆಗ ಹಾಲು ಉಕ್ಕಿತು ಎಂದು ಫೋನಿಟ್ಟೆ.

ಕಳೆದ ವಾರ ಧರ್ಣಪ್ಪ ಅಂಗಡಿಗೆ ಬಂದರು. ಆಧಾರ್ ಕಾರ್ಡಿನ ಜೆರಾಕ್ಸ್ ಬೇಕೆಂದರು, ಜೆರಾಕ್ಸ್ ಆದ ಮೇಲೂ ಹೋಗಲಿಲ್ಲ. ಗಿರಾಕಿಗಳು ಖಾಲಿಯಾಗುವ ತನಕ ಕ್ಯಾಲೆಂಡರ್ ನೋಡುತ್ತಾ ನಿಂತರು. ಆಮೇಲೆ ತುಳುವಿನಲ್ಲಿ ಶುರು ಮಾಡಿದರು, ನಾನು ಕನ್ನಡದಲ್ಲಿ ಬರೆಯುತ್ತೇನೆ. "ಅನಂತಕ್ಕ, ಎಣಿಕೆ ಶುರುವಾದ ದಿನದ ಚಿತ್ರ ತೆಗೆದಿಟ್ಟಿದೆ ಅಂತ ವರದಿಯ ಕೊನೆಯ ಪುಟದಲ್ಲಿ ಉಂಟಲ್ಲ. ಅದು ನಿಮ್ಮ ಮನೆಯಲ್ಲಿ ಉಂಟಂತೆ. ನನಗೆ ಒಮ್ಮೆ ನೋಡಬೇಕು. ನಾನೊಬ್ಬನೇ ನೋಡ್ತೇನೆ, ಕೂಡಲೇ ವಾಪಸ್ ಕೊಡ್ತೇನೆ. ಮತ್ತೆ ಕಟ್ಟೆಯ ವಿಷಯ ಬಿಟ್ಟುಬಿಡುವ. ನೀವು ಹೇಳಿದ ಹಾಗೆಯೇ ಇರಲಿ."

ಅವರ ಮಗಳು ಸಾತ್ವಿಕಾ ಮೂಡುಬಿದಿರೆಯ ಕಾಲೇಜಿಗೆ ಹೋಗುತ್ತಾಳಲ್ಲ. ಆ ಎರಡು ಚುಕ್ಕೆಗಳಲ್ಲಿ ಒಂದು ಅವಳೆಂದು ಅವರಿಗೆ ಯಾರೋ ತಲೆಗೆ ತುಂಬಿಸಿದ್ದಾರೆ. ಇನ್ನೊಂದು ಯಾವ ಹುಡುಗ, ಯಾವ ಜಾತಿಯವನು ಎಂಬುದೇ ಅವರ ಸಂಕಟ. ಆಗಲೇ ಹುಡುಗಿಯನ್ನು ಬಸ್ಸಿಗೆ ಬಿಡದೆ ತಾವೇ ಬೈಕಿನಲ್ಲಿ ಕೊಂಡುಹೋಗಿ ಕೊಂಡುಬರುತ್ತಿದ್ದರು, ಕಾಲೇಜು ಬಿಡಿಸುವ ಮಾತೂ ಮನೆಯಲ್ಲಿ ಎದ್ದಿತ್ತಂತೆ. ಅದನ್ನು ಹೇಳುವಾಗ ಅಧ್ಯಕ್ಷರ ಗತ್ತು ಪೂರ್ತಿ ಇಳಿದಿತ್ತು. ನನಗೆ ನಿಜವಾಗಿ ಕನಿಕರವಾಯಿತು. ಆದರೂ ನೋಡುವ ಎಂದಷ್ಟೇ ಹೇಳಿ ಕಳಿಸಿದೆ.

ಒಂದು ಕಾರ್ಡು ಕೊಟ್ಟರೆ ಕಟ್ಟೆ ಉಳಿಯುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವರಿಗೆ ಇದಕ್ಕಿಂತ ಸುಲಭದ ದಾರಿ ಬೇಕೇ? ನಾನು ಕಾರ್ಡನ್ನು ಕಪಾಟಿನಿಂದ ತೆಗೆದು ಅಂಗಡಿಗೆ ಕೊಂಡುಹೋದೆ. ಕಂಪ್ಯೂಟರಿಗೆ ತಾಗಿಸುವವರೆಗೂ ಹೋದೆ. ಒಳಗೆ ಯಾರ ಯಾರ ಮುಖ ಉಂಟೆಂದು ನೋಡುವ ಆಸೆ ನನಗೂ ಆಯಿತು, ಸುಳ್ಳು ಹೇಳುವುದಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನನ್ನ ಎದೆ ಯಾಕೆ ಹೊಡೆದುಕೊಂಡಿತು ಎಂದು ಮಾತ್ರ ಈಗ ಕೇಳಬೇಡ. ಅಷ್ಟರಲ್ಲಿ ಎದುರಿನ ಕಟ್ಟೆಯಲ್ಲಿ ನೀಲಾವತಿ ಕಾಲು ಚಾಚಿ, ಚಪ್ಪಲಿ ಕಳಚಿಟ್ಟು, ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದದ್ದು ಕಾಣಿಸಿತು. ಯಾರೂ ನೋಡುವುದಿಲ್ಲ ಎಂಬ ಧೈರ್ಯವಿದ್ದರೆ ಮಾತ್ರ ಹೆಂಗಸು ಪೇಟೆಯಲ್ಲಿ ಹಾಗೆ ನಿದ್ದೆ ಮಾಡಿಯಾಳು. ಆ ಧೈರ್ಯವನ್ನು ಕೊಟ್ಟದ್ದು ನಾವು. ಅದನ್ನು ಮಾರಿ ಕಟ್ಟೆ ಉಳಿಸಿಕೊಂಡರೆ ಅದರ ಮೇಲೆ ಕೂರುವವರು ಯಾರು? ಮರುದಿನ ಬೆಳಿಗ್ಗೆ ಸ್ನಾನದ ನೀರಿಗೆ ಬೆಂಕಿ ಹಾಕುವಾಗ ಕಾರ್ಡನ್ನೂ ಹಾಕಿದೆ. ನಿನ್ನ ಅಪ್ಪ ಏನು ವಾಸನೆ ಎಂದು ಕೇಳಿದರು. ಪ್ಲಾಸ್ಟಿಕ್ ಸುಟ್ಟೆ ಎಂದೆ, ಅದು ಸತ್ಯವೇ.

ಧರ್ಣಪ್ಪನಿಗೂ ಸತ್ಯವನ್ನೇ ಹೇಳಿದೆ. ಸುಟ್ಟದ್ದನ್ನು ನಂಬಿದರು, ಕಾರಣವನ್ನು ನಂಬಲಿಲ್ಲ. "ಹುಡುಗಿಯನ್ನು ಉಳಿಸ್ಲಿಕ್ಕೆ ಸುಟ್ಟದ್ದು ನೀವು. ಹಾಗಾದ್ರೆ ಅವಳೇ ಅಂತ ಆಯ್ತು" ಎಂದು ಬೈಕ್ ಏರಿದರು. ನೋಡು ಮಗಾ, ಇದು ನಾನು ಎಣಿಸದೆ ಇದ್ದ ಸಂಗತಿ. ಮುಖ ಸಿಕ್ಕದಿದ್ದರೆ ಊರು ಸುಮ್ಮನಿರುವುದಿಲ್ಲ, ತನಗೆ ಬೇಕಾದ ಮುಖವನ್ನು ಅಂಟಿಸುತ್ತದೆ. ನಾನು ಕಾರ್ಡು ಸುಟ್ಟು ಕೈ ತೊಳೆದುಕೊಂಡೆ, ಪಾಪದ ಹುಡುಗಿಯ ಕಾಲೇಜು ತೂಗುಯ್ಯಾಲೆಯಲ್ಲಿ ಉಳಿಯಿತು. ಆ ಎರಡು ಚುಕ್ಕೆಗಳಲ್ಲಿ ಸಾತ್ವಿಕಾ ಇಲ್ಲವೆಂದು ನನಗೆ ಖಂಡಿತ ಗೊತ್ತಿತ್ತು. ಅದನ್ನು ಹೇಳಬೇಕಾದರೆ ಹೇಗೆ ಗೊತ್ತು ಎಂಬುದನ್ನೂ ಹೇಳಬೇಕಾಗುತ್ತಿತ್ತು. ಆ ದಿನ ಊಟ ಸೇರಲಿಲ್ಲ. ಸೂರ್ಯ ಮುಳುಗುವ ಮೊದಲು ಬಡಿಸಿಟ್ಟ ಅನ್ನವನ್ನು ಹಾಗೆಯೇ ಮುಚ್ಚಿಟ್ಟೆ, ಮುಳುಗಿದ ಮೇಲೆ ಜೈನರ ಮನೆಯಲ್ಲಿ ಉಣ್ಣುವ ಪ್ರಶ್ನೆಯೇ ಇಲ್ಲವಲ್ಲ. ಹಸಿದ ಹೊಟ್ಟೆಯಲ್ಲಿ ಒಂದು ತೀರ್ಮಾನಕ್ಕೆ ಬಂದೆ.

ಮೊನ್ನೆ ಗುರುವಾರ ಸಭೆ. ಕೋಣೆಯ ಹಿಂದಿನ ಗೋಡೆಗೆ ತಾಗಿ ಹೆಂಗಸರೆಲ್ಲ ಬಂದು ನಿಂತಿದ್ದರು, ನಾನು ಕರೆದಿರಲಿಲ್ಲ. ಧರ್ಣಪ್ಪ ನಿನ್ನ ವರದಿ ಎತ್ತಿ ಹಿಡಿದು, ಕೆಲಸವಿಲ್ಲದವರ ಕೂಟ, ಮಕ್ಕಳು ಹಾಳಾಗುವ ಜಾಗ ಎಂದು ಮಾತನಾಡಿದರು. ನಾನು ಎದ್ದು ನಿಂತು ಮೊದಲು ಒಂದು ಪ್ರಶ್ನೆ ಕೇಳಿದೆ. "ವರದಿಯ ಪ್ರಕಾರ ಅಲ್ಲಿ ಅತಿ ಹೆಚ್ಚು ಹೊತ್ತು ಇದ್ದ ಚುಕ್ಕೆ ಯಾವುದು ಗೊತ್ತುಂಟಾ? ಹಗಲೂ ರಾತ್ರಿ ಅಲುಗದೆ ಒಂದೇ ಕಡೆ ಇತ್ತು, ಒಂದು ಬಸ್ಸೂ ಹತ್ತಲಿಲ್ಲ, ಇದೇನೆಂದು ತಿಳಿಯಲಿಲ್ಲ ಎಂದು ನನ್ನ ಮಗಳು ಬರೆದಿದ್ದಾಳೆ. ನನಗೆ ತಿಳಿದಿದೆ. ಅದು ಅಧ್ಯಕ್ಷರು. ಅವರ ಹುಟ್ಟುಹಬ್ಬಕ್ಕೆ ಅಭಿಮಾನಿಗಳು ಕಟ್ಟೆಗೆ ಒರಗಿಸಿಟ್ಟ ಆಳೆತ್ತರದ ಕಟೌಟನ್ನು ಪೆಟ್ಟಿಗೆ ಮನುಷ್ಯನೆಂದೇ ಎಣಿಸಿದೆ!"

ಮೊದಲು ನಕ್ಕವರು ಸದಸ್ಯ ಅಬ್ದುಲ್ ರಹಿಮಾನ್. ಪಿಡಿಒ ಕಡತದ ಹಿಂದೆ ಮುಖ ಮುಚ್ಚಿಕೊಂಡರು. ಹಿಂದೆ ನಿಂತ ಹೆಂಗಸರು ನಗುವುದನ್ನು ನಿಲ್ಲಿಸಲೇ ಇಲ್ಲ. ನಗು ಇಳಿಯುವ ಮೊದಲೇ ಉಳಿದದ್ದನ್ನೂ ಹೇಳಿಬಿಟ್ಟೆ, ತಡವಾದರೆ ನನ್ನ ಧೈರ್ಯವೂ ಇಳಿಯುತ್ತಿತ್ತು. ಪಡು ಮೂಲೆಯ ಎರಡು ಚುಕ್ಕೆಗಳಲ್ಲಿ ಒಂದು ನಾನು ಎಂದೆ. ಹೌದು ಮಗಾ, ನಿನಗೆ ಇಷ್ಟವಾದ ಜೋಡಿಯಲ್ಲಿ ಒಂದು ನಿನ್ನ ಅಮ್ಮ. ಬೇರೆಯವರ ಮಗಳ ಹೆಸರನ್ನು ಅದಕ್ಕೆ ಅಂಟಿಸುವುದು ಬೇಡ ಎಂದೂ ಹೇಳಿದೆ.

ಧರ್ಣಪ್ಪ ವರದಿಯನ್ನು ಮೇಜಿನ ಮೇಲೆ ಇಟ್ಟರು. "ಅಂಗಡಿ ಇಟ್ಟುಕೊಂಡು ನಿಮಗೆ ಅಲ್ಲಿ ಕೂರುವ ಅಗತ್ಯ ಏನುಂಟು?" ಎಂದರು. ನಾನು ಹೇಳಿದೆ, "ಮನೆಯಲ್ಲಿ ಕೂತ್ರೆ ಕೆಲಸ ಹೇಳ್ತಾರೆ. ಅಂಗಡಿಯಲ್ಲಿ ಕೂತ್ರೆ ಜೆರಾಕ್ಸ್ ಕೇಳ್ತಾರೆ. ಬಸ್ಸಿನ ಕಟ್ಟೆಯಲ್ಲಿ ಕೂತ್ರೆ ಬಸ್ಸಿಗೆ ಬಂದದ್ದು ಅಂತ ಸುಮ್ಮನೆ ಬಿಡ್ತಾರೆ. ಇಡೀ ಊರಿನಲ್ಲಿ ಹೆಂಗಸನ್ನು ಯಾಕೆ ಕೂತಿದ್ದಿ ಅಂತ ಕೇಳದ ಜಾಗ ಅದೊಂದೇ ಉಂಟು." ಜೊತೆಯಲ್ಲಿ ಕೂರುವುದು ಯಾರು ಎಂದು ಕೇಳಿದರು. "ನನ್ನ ಮಗಳ ಪೆಟ್ಟಿಗೆ ಕೇಳಲಿಲ್ಲ, ನೀವೂ ಕೇಳ್ಬೇಡಿ" ಎಂದೆ. ಹಿಂದಿನಿಂದ ನೀಲಾವತಿ ತಾನೂ ಬಸ್ ಹತ್ತದವಳೇ ಎಂದು ಕೂಗಿದಳು. ಆಮೇಲೆ ಆಶಾ ಕಾರ್ಯಕರ್ತೆ, ಆಮೇಲೆ ರೇಷನ್ನಿಗೆ ಬಂದು ಕಾಯುವವರು, ಒಬ್ಬೊಬ್ಬರಾಗಿ ಕೈ ಎತ್ತಿದರು. ಸಾತ್ವಿಕಾ ಯಾರೊಡನೆ ಮಾತನಾಡುತ್ತಾಳೋ ನನಗೆ ಗೊತ್ತಿಲ್ಲ, ಗೊತ್ತಿದ್ದರೂ ನಿನಗೂ ಬರೆಯುತ್ತಿರಲಿಲ್ಲ. ನಿನ್ನೆ ಅವಳು ಬಸ್ಸಿನಲ್ಲಿ ಕಾಲೇಜಿಗೆ ಹೋದಳು, ಕಿಟಕಿಯಿಂದ ನನಗೆ ಕೈ ಬೀಸಿದಳು. ಅಷ್ಟು ಸಾಕು.

ಕಟ್ಟೆ ಉಳಿಯಿತು ಎಂದು ಈಗಲೇ ಹಿಗ್ಗಬೇಡ. ತೀರ್ಮಾನ ಗ್ರಾಮಸಭೆಗೆ ಹೋಗಿದೆ. ಅಲ್ಲಿ ಊರೇ ಕೂತಿರುತ್ತದೆ, ಬಾಡಿಗೆಯ ಆಸೆಯೂ ಕೂತಿರುತ್ತದೆ. ಆದರೆ ನಾನು ಬಿಡುವವಳಲ್ಲ. ಕಾರ್ಡಿಲ್ಲದೆ ಲೆಕ್ಕವನ್ನು ತಾಳೆ ನೋಡುವುದು ಹೇಗೆಂದು ನಿನ್ನ ಮೇಲಿನವರು ಕೇಳಿದರೆ ಹೀಗೆ ಹೇಳು. ಮತ್ತೊಮ್ಮೆ ಪೆಟ್ಟಿಗೆ ತಂದು ಬಿಗಿ. ಅದು ಎಣಿಸುವಾಗಲೇ ನಾನೂ ನೀಲಾವತಿಯೂ ಅಂಗಡಿಯ ಜಗಲಿಯಲ್ಲಿ ಹುಣಸೆಬೀಜ ಇಟ್ಟುಕೊಂಡು ಎಣಿಸುತ್ತೇವೆ. ಬಂದವರಿಗೆ ಒಂದು ಬೀಜ ಒಳಗೆ, ಹೋದವರಿಗೆ ಒಂದು ಬೀಜ ಹೊರಗೆ. ನೀಲಾವತಿ ಮಾತಿಗೆ ಕೂತರೆ ಲೆಕ್ಕ ತಪ್ಪುತ್ತಾಳೆ, ಹಾಗಾಗಿ ಇನ್ನೊಬ್ಬರನ್ನೂ ಕೂರಿಸುತ್ತೇನೆ. ಮುಖ ಇಟ್ಟುಕೊಳ್ಳದೆಯೂ ತಾಳೆ ನೋಡಬಹುದು. ಕೊನೆಯ ಪುಟದ ಆ ಸಾಲನ್ನು ಹೊಡೆದುಹಾಕಿ, ಪರದೆಯನ್ನು ಜಗಲಿಗೆ ತಿರುಗಿಸಿ, ಜೈನಬಮ್ಮನಿಗೆ ಹೇಳಿದ ಮಾತನ್ನು ಇನ್ನೊಮ್ಮೆ ಹೇಳು. ಈ ಸಲ ಅದು ಪೂರ್ತಿ ಸತ್ಯವಾಗಿರಲಿ.

ಹೊತ್ತು ಹೊತ್ತಿಗೆ ಉಣ್ಣು. ಸಿಟ್ಟಿದ್ದರೂ ಫೋನು ಮಾಡು, ಈ ವಿಷಯ ಬಿಟ್ಟು ಬೇರೇನಾದರೂ ಮಾತನಾಡು, ಸ್ಪೀಕರಿನಲ್ಲಿ ಅಪ್ಪ ಇರುತ್ತಾರೆ.

ನಿನ್ನ ಹಟಮಾರಿ,
ಅಮ್ಮ
(ಅನಂತಮತಿ)

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಇಲ್ಲಿಯವರೆಗೆ ಎಳೆದೆ. ಇನ್ನೊಂದು ಚುಕ್ಕೆ ಜೈನಬಮ್ಮ. ಕೋರ್ಟು ಹತ್ತಿದ ಮೇಲೆ ಅವರ ಮನೆಗೆ ನಾನು ಹೋಗುವಂತಿಲ್ಲ, ನಮ್ಮ ಮನೆಗೆ ಅವರು ಬರುವಂತಿಲ್ಲ. ಬಸ್ಸಿನ ಕಟ್ಟೆಯಲ್ಲಿ ಯಾರ ಪಕ್ಕದಲ್ಲಿ ಯಾರು ಕೂತರೂ ಅದು ಬಸ್ಸಿನ ಸಲುವಾಗಿ. ಅವರು ಬಾಳೆಕಾಯಿ ಪೋಡಿ ಕರಿದು ತರುತ್ತಾರೆ, ನೀರುಳ್ಳಿ ಮುಟ್ಟದ ಕೈಯಲ್ಲಿ ಮಾಡಿದ್ದು ಎಂದು ಪ್ರತಿ ಸಲವೂ ಹೇಳುತ್ತಾರೆ. ಗುರುವಾರ ಅವರು ಸಭೆಯ ಹಿಂದಿನ ಸಾಲಿನಲ್ಲೇ ಇದ್ದರು. ಜೊತೆಯಲ್ಲಿ ಯಾರು ಎಂದು ಅಧ್ಯಕ್ಷರು ಕೇಳಿದಾಗ ಶಾಲಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು, ಕಣ್ಣಿನಲ್ಲಿ ನೀರಿತ್ತು. ಅಪ್ಪನಿಗೆ ನೀನು ಹೇಳಬೇಡ, ನಾನೇ ಹೇಳುತ್ತೇನೆ, ಈ ಲಕೋಟೆಯನ್ನು ಅಂಚೆಗೆ ಹಾಕಿ ಬಂದ ಕೂಡಲೇ ಹೇಳುತ್ತೇನೆ. ಮುಂದಿನ ಸಲ ನೀನು ಎಣಿಸುವಾಗ ಬೇರೆ ಬೇರೆ ದಿಕ್ಕಿನಿಂದ ಬರುವ ಆ ಚುಕ್ಕೆಗಳನ್ನು ಹುಡುಕಬೇಡ. ನಾವಿಬ್ಬರೂ ಪೇಟೆಯ ನಡುವಿನಿಂದ ಒಟ್ಟಿಗೆ ನಡೆದು ಬರುತ್ತೇವೆ. ನಿನ್ನ ಪೆಟ್ಟಿಗೆ ನಮ್ಮ ಗುರುತು ಹಿಡಿಯುವುದು ಬೇಡ, ಊರು ಹಿಡಿಯಲಿ.